ಹನ್ನೆರಡಾಣೆ ವಾಸಿ

ಕೋಲಾರ, ಹೊರಡುವ ಮುನ್ನ

ಪರದೇಶಕ್ಕೆ ಹೋಗಿಬಂದವರು ನೋಡಿದ್ದನ್ನು ಬರೆಯುತ್ತಾರೆ. ನಾನು ನೆದರ್‌ಲೆಂಡ್ಸಿನಲ್ಲಿ ಒಂಬತ್ತು ದಿನ ಇದ್ದು ನೋಡಿದ ಗಾಳಿಯಂತ್ರ ಒಂದೇ ಒಂದು, ಅದೂ ರೈಲಿನ ಕಿಟಕಿಯಿಂದ, ಅದೂ ತಿರುಗುತ್ತಿರಲಿಲ್ಲ. ಟ್ಯೂಲಿಪ್ ಹೂವಿನ ಕಾಲ ಮುಗಿದು ತಿಂಗಳುಗಳಾಗಿದ್ದವು. "ಅಷ್ಟು ದೂರ ಹೋಗಿ ಏನೇ ನೋಡ್ಕೊಂಡು ಬಂದೆ?" ಎಂದು ಮುಳಬಾಗಿಲಿನ ನಮ್ಮ ಅತ್ತಿಗೆ ಕೇಳಿದಾಗ ಚೀಸು, ಸೈಕಲ್ಲು, ಗಾಳಿ ಎಂದೇನೋ ಹೇಳಿ ಮಾತು ತೇಲಿಸಿದೆ. ಅವಳಿಗೆ ತೇಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿದರೆ ಓದಿಕೊಳ್ಳಲಿ.

ನಾನು ಕೋಲಾರದ ಹತ್ತಿರದ ಫಿಸಿಯೋಥೆರಪಿ ಕಾಲೇಜೊಂದರಲ್ಲಿ ಪ್ರೊಫೆಸರು. ಬಹಳ ವರ್ಷಗಳಿಂದ ಹಿಡಿದುಕೊಂಡಿರುವುದು ಒಂದೇ ವಿಷಯ: ನೋವು ಹೇಗೆ ಇಳಿಯುತ್ತದೆ, ಒಳಗೆ ಹರಿದು ಸವೆದ ಅಂಗಾಂಶ ಹೇಗೆ ಮತ್ತೆ ಕೂಡಿಕೊಳ್ಳುತ್ತದೆ. ಈಚೆಗೆ ಸುಗಟೂರಿನ ಕಡೆ ರೇಷ್ಮೆ ಸಾಕುವ ಹೆಂಗಸರ ಭುಜಕ್ಕೆ ಲೇಸರ್ ಬೆಳಕಿನ ಚಿಕಿತ್ಸೆ ಕೊಟ್ಟು ನೋಡುತ್ತಿದ್ದೆ. ಹುಳು ಹಣ್ಣಾದ ಮೇಲೆ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಎತ್ತಿ ಎತ್ತಿ, ಸೊಪ್ಪಿನ ಹೊರೆ ಹೊತ್ತು ಹೊತ್ತು, ನಲವತ್ತು ದಾಟುವಷ್ಟರಲ್ಲಿ ಅವರ ಭುಜ ಹಿಡಿದುಕೊಂಡುಬಿಡುತ್ತದೆ. ವಾರಕ್ಕೆ ಮೂರು ಸಲ ಬಸ್ಸು ಹತ್ತಿ ಕಾಲೇಜಿಗೆ ಬಂದು ಭುಜಕ್ಕೆ ಬೆಳಕು ಹಿಡಿಸಿಕೊಂಡು ಹೋಗುತ್ತಿದ್ದರು. ಅವರ ಬಾಯಲ್ಲಿ ಅದು "ಲೈಟ್ ಇಡಿಸ್ಕೊಳ್ಳೋದು".

ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಎಂದು ಕೇಳಿದರೆ ಅವರಿಗೆ ನಗು. ಆಣೆಯಲ್ಲಿ ಕೇಳಿದರೆ ತಟ್ಟನೆ ಉತ್ತರ: ನಾಲ್ಕಾಣೆ ವಾಸಿ, ಎಂಟಾಣೆ ವಾಸಿ. ಆಣೆ ಚಲಾವಣೆ ನಿಂತು ಎಷ್ಟು ಕಾಲವಾದರೂ ನಮ್ಮ ಕಡೆ ಕಾಯಿಲೆ ಇಳಿಯುವುದು ಆಣೆಯ ಅಳತೆಯಲ್ಲೇ. ಅದನ್ನೇ ಹಿಡಿದು ಹದಿನಾರಾಣೆಯ ಒಂದು ಅಳತೆಪಟ್ಟಿ ಮಾಡಿದ್ದೆ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಚಿಕಿತ್ಸೆ ಕೊಟ್ಟವರೇ ವಾಸಿಯಾಯಿತೇ ಎಂದು ಕೇಳಬಾರದು. ಇದು ಮೊದಲ ಪಾಠ, ಮಕ್ಕಳಿಗೆ ನಾನೇ ಹೇಳಿಕೊಡುತ್ತೇನೆ. ಹಾಗಾಗಿ ಕೇಳುವ ಕೆಲಸಕ್ಕೆ ಬೀದರಿನ ಒಬ್ಬ ಸಹೋದ್ಯೋಗಿಯನ್ನು ಒಪ್ಪಿಸಿದ್ದೆ. ಅವರ ಕನ್ನಡ ಕೇಳಿ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ತೆಲುಗು ಅವರಿಗೆ ಒಂದಕ್ಷರ ಬಾರದು. ನಾನೋ ಮುಳಬಾಗಿಲಿನವಳು, ಮನೆಯಲ್ಲಿ ಕನ್ನಡ, ಬೀದಿಗಿಳಿದರೆ ತೆಲುಗು. ಎರಡೇ ದಿನಕ್ಕೆ "ಬಿಡಿ, ನಾನೇ ಕೇಳ್ತೀನಿ" ಎಂದುಬಿಟ್ಟೆ. ವರದಿಯಲ್ಲಿ ಮಾತ್ರ "ಚಿಕಿತ್ಸೆಗೆ ಸಂಬಂಧಪಡದವರು ಕೇಳಿದ್ದು" ಎಂಬ ಸಾಲು ಹಾಗೆಯೇ ಉಳಿಯಿತು. ತೆಗೆಯಬೇಕು ಎಂದು ಎರಡು ಮೂರು ಸಲ ಅಂದುಕೊಂಡೆ, ತೆಗೆಯಲಿಲ್ಲ.

ನಮ್ಮ ಕಡೆ ವೈದ್ಯರ ಓದಿಗಿಂತ ಕೈಗುಣ ದೊಡ್ಡದು. ವಾಸಿಯಾಗಲಿಲ್ಲ ಎಂದು ಮುಖಕ್ಕೆ ಹೇಳಿದರೆ ಕೈಗುಣಕ್ಕೇ ಕುಂದು ಹೇಳಿದ ಹಾಗೆ. ಇದು ನನಗೆ ಗೊತ್ತಿರಲಿಲ್ಲ ಎಂದರೆ ಯಾರೂ ನಂಬಬೇಡಿ.

ಕೊನೆಯ ತಪಾಸಣೆಯ ದಿನ ಸುಗಟೂರಿನ ನಾರಾಯಣಮ್ಮ ಬಂದಿದ್ದರು. ಐವತ್ತರ ಹತ್ತಿರದ ಹೆಂಗಸು, ಬಲಭುಜ. "ಎಷ್ಟಾಣೆ ನಾರಾಯಣಮ್ಮ?" ಎಂದೆ. "ಹನ್ನೆರಡಾಣೆ ವಾಸಿ ಅಮ್ಮ, ನಿಮ್ ಕೈಗುಣ" ಎಂದರು. ತಲೆ ಬಾಚಿ ತುರುಬು ಕಟ್ಟಿಕೊಳ್ಳಲು ಆಗುತ್ತದೆಯೇ ಎಂಬುದು ನಮ್ಮ ಪಟ್ಟಿಯ ಮೊದಲ ಪ್ರಶ್ನೆ. ಅದಕ್ಕೂ ಹೂಂ ಎಂದರು. ಬರೆದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಕಾರಿನ ಕಡೆ ಹೋಗುವಾಗ ನೋಡುತ್ತೇನೆ, ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಬಸ್ಸಿಗೆ ಕಾಯುತ್ತಾ ಕೂತಿದ್ದಾರೆ. ತುರುಬು ಬಿಚ್ಚಿಹೋಗಿತ್ತು. ಪಕ್ಕದವಳಿಗೆ ಬೆನ್ನು ಕೊಟ್ಟು ಕೂತು ಕಟ್ಟಿಸಿಕೊಳ್ಳುತ್ತಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಅವರು ತಲೆಯೆತ್ತಿದರು, ನನ್ನ ಅವರ ಕಣ್ಣು ಸೇರಿತು. ನಾನು ಬ್ಯಾಗಿನಲ್ಲಿ ಕಾರಿನ ಕೀಲಿ ಹುಡುಕಲು ತೊಡಗಿದೆ. ಕೀಲಿ ಕೈಯಲ್ಲೇ ಇತ್ತು.

ಹನ್ನೆರಡಾಣೆಯನ್ನು ತಿದ್ದಲಿಲ್ಲ. ಅದನ್ನೂ ಅಂಥ ಇನ್ನೆಷ್ಟನ್ನೋ ಸೇರಿಸಿ, ನೆದರ್‌ಲೆಂಡ್ಸಿನ ಒಂದು ವಿಶ್ವವಿದ್ಯಾಲಯದ ಸಮ್ಮೇಳನದಲ್ಲಿ ತೂಗುಹಾಕಲು ಬಣ್ಣಬಣ್ಣದ ಒಂದು ಪೋಸ್ಟರು ಮಾಡಿ, ಸುರುಳಿ ಸುತ್ತಿ, ಕೊಳವೆಗೆ ತುರುಕಿ, ವಿಮಾನ ಹತ್ತಿದೆ.

ಉತ್ತರಕ್ಕೆ ಹೋಗುವ ರೈಲು

ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದು ಉತ್ತರದ ಗ್ರೋನಿಂಗನ್ ಊರಿಗೆ ರೈಲು ಹಿಡಿಯಬೇಕಿತ್ತು. ಊರಿನ ಹೆಸರನ್ನು ನಾನು ಹೇಳಿದ್ದು ಯಾರಿಗೂ ತಿಳಿಯಲಿಲ್ಲ. ಅವರು ಅದನ್ನು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು ತೆಗೆಯುವವರ ಹಾಗೆ ಶುರುಮಾಡುತ್ತಾರೆ. ಕೊನೆಗೆ ಟಿಕೆಟ್ಟು ತೋರಿಸಿ ದಾರಿ ಕೇಳಿದೆ.

ರೈಲಿನಲ್ಲಿ ಎದುರಿಗೆ ಕೂತ ಹೆಂಗಸು ಮೂಗರಳಿಸಿ ನೋಡಿ, "ನಿಮ್ಮ ಪೆಟ್ಟಿಗೆಯಿಂದ ಏನೋ ವಾಸನೆ ಬರುತ್ತಿದೆ" ಎಂದಳು. ಬೈಗುಳವಲ್ಲ, ಮಳೆ ಬರುತ್ತಿದೆ ಎನ್ನುವ ಧಾಟಿ. ಪೆಟ್ಟಿಗೆ ತೆರೆದರೆ ಮುಳಬಾಗಿಲಿನಿಂದ ಅತ್ತಿಗೆ ಕಟ್ಟಿಕೊಟ್ಟಿದ್ದ ಆವಕಾಯಿಯ ಡಬ್ಬಿ ಬಾಯಿ ಬಿಟ್ಟಿತ್ತು. ಪೋಸ್ಟರಿನ ದಿನಕ್ಕೆಂದು ಇಟ್ಟಿದ್ದ ರೇಷ್ಮೆ ಸೀರೆಯ ಸೆರಗೆಲ್ಲ ಕೆಂಪು ಎಣ್ಣೆ. ನಮ್ಮ ಕೋಲಾರದ ಬಸ್ಸಿನಲ್ಲಾಗಿದ್ದರೆ ಪಕ್ಕದವರು ಮೂಗು ಮುಚ್ಚಿಕೊಂಡು ಕಿಟಕಿ ಕಡೆ ತಿರುಗುತ್ತಿದ್ದರೇ ಹೊರತು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದವಳೇ ಬ್ಯಾಗಿನಿಂದ ಕಾಗದದ ಕರವಸ್ತ್ರ ತೆಗೆದು, ಒಂದು ಗಂಟೆ ಕೂತು, ನನ್ನ ಜೊತೆ ಸೀರೆ ಒರೆಸಿದಳು. ಇಳಿಯುವಾಗ "ಕಲೆ ಹೋಗುವುದಿಲ್ಲ" ಎಂದು ಹೇಳಿಯೇ ಇಳಿದಳು. ಹೋಗಲಿಲ್ಲ.

ಮಾರೈಕೆಯ ಮೆಟ್ಟಿಲು

ನನಗೆ ಉಳಿಯಲು ಗೊತ್ತುಮಾಡಿದ್ದು ಮಾರೈಕೆ ಎಂಬ ಹೆಂಗಸಿನ ಮನೆಯ ಮೇಲಿನ ಕೋಣೆ. ಭೂಗೋಳ ಹೇಳಿಕೊಡುತ್ತಿದ್ದ ಟೀಚರು, ನಿವೃತ್ತಿಯಾಗಿದೆ, ಒಬ್ಬಳೇ ಇದ್ದಾಳೆ, ಅದರಿಂದ ಅವಳಿಗೆ ಏನೂ ಬೇಜಾರಿಲ್ಲ. ಅಲ್ಲಿನ ಹಳೆಯ ಮನೆಗಳ ಮೆಟ್ಟಿಲು ನಮ್ಮ ಅಟ್ಟದ ಏಣಿಗಿಂತ ಕಡಿದು. ಅರ್ಧ ಪಾದ ಹಿಡಿಯುವಷ್ಟು ಅಗಲ. "ನಿಧಾನ, ಪೆಟ್ಟಿಗೆ ಕೆಳಗೇ ಬಿಡು, ಸಾಮಾನು ಸ್ವಲ್ಪಸ್ವಲ್ಪವೇ ತೆಗೆದುಕೊಂಡು ಹೋಗು" ಎಂದಳು. ಮೈಗೆ ಪೆಟ್ಟಾಗದಂತೆ ಭಾರ ಎತ್ತುವುದು ಹೇಗೆ ಎಂದು ಊರಿಗೆಲ್ಲ ಪಾಠ ಹೇಳುವವಳು ನಾನು. ಅವಳ ಮಾತು ಕೇಳಲಿಲ್ಲ. ಏಳನೆಯ ಮೆಟ್ಟಿಲಿನಲ್ಲಿ ಪೆಟ್ಟಿಗೆ ಜಾರಿತು, ಬಿಡದೆ ಹಿಡಿದೆ, ಬಲಭುಜದಲ್ಲಿ ಏನೋ ಹರಿದಂತಾಯಿತು.

ಮರುದಿನ ಮಾರೈಕೆಯ ತಂಗಿಯ ಹುಟ್ಟುಹಬ್ಬ. ಅಲ್ಲಿ ಹುಟ್ಟುಹಬ್ಬ ಇರುವವರಿಗೆ ಮಾತ್ರ ಶುಭಾಶಯ ಹೇಳಿದರೆ ಸಾಲದು. ಅವರ ಗಂಡನಿಗೆ, ಅಕ್ಕನಿಗೆ, ಪಕ್ಕದ ಮನೆಯವರಿಗೆ, ಸುತ್ತ ಕುರ್ಚಿ ಹಾಕಿ ಕೂತ ಪ್ರತಿಯೊಬ್ಬರಿಗೂ ಕೈಕುಲುಕಿ ಅಭಿನಂದನೆ ಹೇಳಬೇಕು. ಮನೆಗೆ ಬಂದ ಅತಿಥಿ ಎಂದು ನನಗೂ ಹೇಳಿದರು. ಹನ್ನೆರಡು ಜನ ಬಲಗೈ ಹಿಡಿದು ಕುಲುಕಿದರು. ಒಂದೊಂದು ಸಲವೂ ಭುಜಕ್ಕೆ ಬೆಂಕಿ ಇಟ್ಟಂತಾಗುತ್ತಿತ್ತು, ನಾನು ನಗುತ್ತಿದ್ದೆ. ಕೊನೆಯವನು ಕೈ ಬಿಟ್ಟ ಮೇಲೆ ಮಾರೈಕೆ ಎಲ್ಲರ ಎದುರಿಗೇ ಕೇಳಿದಳು.

"ನಿನಗೆ ನೋವಿದೆ. ಎಡಗೈ ಕೊಡಬಹುದಿತ್ತಲ್ಲ?"

"ಎಡಗೈ ಕೊಡೋದು ನಮ್ಮಲ್ಲಿ ಸರಿ ಅಲ್ಲ."

"ಹಾಗಾದರೆ ನೋಯುತ್ತಿದೆ ಎಂದು ಹೇಳಬಹುದಿತ್ತು."

ಒಂದು ತುಂಡು ಕೇಕು ತಿಂದೆ. ಇನ್ನೊಂದು ಬೇಕೇ ಎಂದು ಯಾರೂ ಒತ್ತಾಯ ಮಾಡಲಿಲ್ಲ. ನಾನು ಮೊದಲ ಸಲ ಬೇಡ ಎಂದದ್ದನ್ನು ನಿಜವೆಂದು ನಂಬಿ ಡಬ್ಬಿ ಮುಚ್ಚಿಬಿಟ್ಟರು. ನಮ್ಮಲ್ಲಿ ಮೂರು ಸಲ ಬೇಡ ಎಂದ ಮೇಲೆ ಎಲೆಗೆ ಬೀಳುತ್ತದೆ.

ಯೆಲ್ಲೆಯ ಕೋಣೆ

ಸೋಮವಾರ ಕೈ ಎದೆಯ ಮಟ್ಟಕ್ಕಿಂತ ಮೇಲೇಳಲಿಲ್ಲ. ಅದೇ ಬೆಳಿಗ್ಗೆ ನನ್ನನ್ನು ಕರೆಸಿದ್ದ ವಿಶ್ವವಿದ್ಯಾಲಯದ ವಿಭಾಗದ ಮುಖ್ಯಸ್ಥರನ್ನು ಭೇಟಿಯಾಗಬೇಕಿತ್ತು. ನರೆತ ಕೂದಲಿನ, ಮಾತು ಕಡಿಮೆಯ ಮನುಷ್ಯ. ನನ್ನ ವರದಿಯನ್ನು ಅಕ್ಷರ ಬಿಡದೆ ಓದಿದ್ದರು. ಶುಕ್ರವಾರ ಪೋಸ್ಟರು ನೋಡಿ, ಎಲ್ಲ ಸರಿ ಇದ್ದರೆ, ಇಬ್ಬರೂ ಸೇರಿ ನಾಲ್ಕು ಕಡೆ ಇದೇ ಚಿಕಿತ್ಸೆ ಶುರುಮಾಡೋಣ ಎಂದರು: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಒಂದೊಂದು ಹೆಸರನ್ನೂ ಕಷ್ಟಪಟ್ಟು ಓದಿದರು. ನನ್ನ ಊರುಗಳ ಹೆಸರು ಆ ಬಾಯಲ್ಲಿ ಕೇಳಿ ಹಿಗ್ಗಿದೆ. ನೂರಾರು ಹೆಂಗಸರು ಕೂಲಿ ಬಿಟ್ಟು, ಬಸ್ಸು ಹತ್ತಿ, ತಿಂಗಳುಗಟ್ಟಲೆ ಬಂದು ಹೋಗುವ ಕೆಲಸ ಅದು. ಬೆಳಕಿನಿಂದ ಏನೂ ಆಗದಿದ್ದರೆ ಅಷ್ಟೂ ಓಡಾಟ ವ್ಯರ್ಥ. ಆ ಗಳಿಗೆಯಲ್ಲಿ ಅದು ನನ್ನ ತಲೆಗೆ ಬರಲೇ ಇಲ್ಲ.

ಮಧ್ಯಾಹ್ನ ಮಾರೈಕೆ ಬೀದಿಯ ಕೊನೆಯ ಫಿಸಿಯೋಥೆರಪಿಸ್ಟ್ ಹತ್ತಿರ ಎಳೆದುಕೊಂಡು ಹೋದಳು. ಹೆಸರು ಯೆಲ್ಲೆ. ಬಾಗಿಲಿಗೆ ತಲೆ ತಗುಲುವಷ್ಟು ಎತ್ತರದ ಹುಡುಗ, ನನ್ನ ವಿದ್ಯಾರ್ಥಿಗಳ ವಯಸ್ಸು. ಒಳ್ಳೆಯ ಕೈ. ಎಲ್ಲಿ ಒತ್ತಬೇಕು ಎಲ್ಲಿ ಬಿಡಬೇಕು ಗೊತ್ತಿತ್ತು. ನಾನು ಪ್ರೊಫೆಸರು ಎಂದು ತಿಳಿದು ಕಿವಿ ಕೆಂಪಗೆ ಮಾಡಿಕೊಂಡ. ಪಾಪ ಎನ್ನಿಸಿತು. ಅವನಿಗೆ ಹೆಸರು ಬರಲಿ ಎನ್ನಿಸಿತು.

ಬುಧವಾರ ಎರಡನೆಯ ಸಲ ಹೋದಾಗ ಚಿಕಿತ್ಸೆ ಮುಗಿಸಿ ಹೊರಗೆ ಹೋದ. ಕಚೇರಿಯ ಹೆಂಗಸು ಒಂದು ಕಾಗದ ತಂದುಕೊಟ್ಟಳು. ಅದರಲ್ಲಿ ಒಂದು ಗೆರೆ. ಎಡತುದಿ ನೋವೇ ಇಲ್ಲ, ಬಲತುದಿ ತಡೆಯಲಾರದ ನೋವು. ಎಲ್ಲಿದ್ದೀರಿ ಎಂದು ಗುರುತು ಹಾಕಿ ಎಂದಳು. ಈ ಗೆರೆಯ ಬಗ್ಗೆ ನಾನು ತರಗತಿಗಳಲ್ಲಿ ಎಷ್ಟು ಗಂಟೆ ಮಾತಾಡಿದ್ದೇನೋ ಲೆಕ್ಕವಿಲ್ಲ. ನೋವು ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಎಡಗೈಯಲ್ಲಿ ಪೆನ್ನು ಹಿಡಿದು ಎಡತುದಿಯ ಹತ್ತಿರ ಗುರುತು ಹಾಕಿದೆ. ಯೋಚನೆಯನ್ನೂ ಮಾಡಲಿಲ್ಲ, ಕೈ ತಾನಾಗಿ ಹೋಯಿತು.

ಯೆಲ್ಲೆ ಬಂದ. ಕಾಗದ ನೋಡಿದ. "ಕೈ ಎತ್ತಿ" ಎಂದ. ಎತ್ತಿದೆ. ಸೋಮವಾರ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿತು.

"ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಯಾವುದು ಸುಳ್ಳು?" ಎಂದ.

ಸುಳ್ಳು ಎಂಬ ಮಾತನ್ನು ಅಷ್ಟು ಸಲೀಸಾಗಿ ನನಗೆ ಯಾರೂ ಹೇಳಿರಲಿಲ್ಲ. "ಕಾಗದದ್ದು" ಎಂದೆ.

"ಯಾಕೆ?"

"ನಿನಗೆ ಬೇಜಾರಾಗಬಹುದು ಅಂತ."

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನನಗೇಕೆ ಬೇಜಾರು? ಭುಜ ನಿಮ್ಮದು. ನೋವು ಇಳಿದಿಲ್ಲ ಅಂದರೆ ನಾನು ಬೇರೆ ಏನಾದರೂ ಮಾಡುತ್ತೇನೆ. ಇಳಿದಿದೆ ಅಂದರೆ ಇದನ್ನೇ ಮಾಡುತ್ತಾ ಇರುತ್ತೇನೆ, ನಿಮಗೆ ವಾಸಿಯಾಗುವುದಿಲ್ಲ." ದಾಕ್ಷಿಣ್ಯ ಎಂಬುದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಸಾಕಷ್ಟು ಒದ್ದಾಡಿದೆ. ಕೈಗುಣದ ಮಾತನ್ನೂ ಹೇಳಿದೆ. ಅವನು ತಲೆ ಆಡಿಸುತ್ತಾ ಕೇಳಿಸಿಕೊಂಡು, ಕುತೂಹಲದಿಂದ, ಯಾವ ಕುಹಕವೂ ಇಲ್ಲದೆ ಕೇಳಿದ.

"ನಿಮ್ಮ ರೋಗಿಗಳೂ ಹೀಗೆಯೇ ಮಾಡುತ್ತಾರಾ?"

"ಇಲ್ಲ" ಎಂದೆ.

ಒಂದೇ ಅರ್ಧಗಂಟೆಯಲ್ಲಿ ಎರಡು ಸುಳ್ಳು. ಮೊದಲನೆಯದು ಅವನಿಗಾಗಿ ಹೇಳಿದೆ ಎಂದುಕೊಳ್ಳಬಹುದು. ಎರಡನೆಯದು ನನಗಾಗಿಯೇ ಹೇಳಿದ್ದು. ಮನೆಗೆ ಬರುವ ದಾರಿಯಲ್ಲಿ ಕಾಲುವೆಯ ಪಕ್ಕ ಬೆಂಚಿನ ಮೇಲೆ ಕೂತುಬಿಟ್ಟೆ. ಹೊಂಗೆ ಮರದ ಕೆಳಗೆ ಮಡಿಲಲ್ಲಿ ಬಿದ್ದಿದ್ದ ಆ ಕೈ ಬಿಟ್ಟರೆ ಬೇರೇನೂ ಕಣ್ಣಿಗೆ ಬರಲಿಲ್ಲ.

ಗುರುವಾರ ಬೆಳಿಗ್ಗೆ, ಫೋನು

ಇನ್ನೂ ಒಂದು ಆಸೆ ಉಳಿದಿತ್ತು. ಅವತ್ತು ತುರುಬು ಕಟ್ಟಿಸಿಕೊಂಡದ್ದು ಸುಮ್ಮನೆ ಆಯಾಸಕ್ಕಿರಬಹುದು. ಹನ್ನೆರಡಾಣೆ ನಿಜವೇ ಇರಬಹುದು. ಬೆಳಿಗ್ಗೆ ಎಂಟಕ್ಕೆ ಮಾರೈಕೆಯ ಅಡುಗೆಮನೆಯಿಂದ ನಾರಾಯಣಮ್ಮನ ನಂಬರಿಗೆ ಫೋನು ಮಾಡಿದೆ. ಅಲ್ಲಿ ಆಗಲೇ ಹುಳುವಿಗೆ ಸೊಪ್ಪು ಹಾಕಿ ಮುಗಿಸಿದ್ದರು.

"ಯಾರೂ? ಮೇಡಮ್ಮಾ? ಅಲ್ಲಿಂದಾನೇ ಮಾತಾಡ್ತಿದೀರಾ? ಊಟ ಆಯ್ತಾ ಅಮ್ಮ?"

"ಇಲ್ಲಿನ್ನೂ ಬೆಳಿಗ್ಗೆ. ನಾರಾಯಣಮ್ಮ, ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಭುಜ ಹೆಂಗಿದೆ?"

ಹಿಂದೆ ಎಲ್ಲೋ ಹಸು ಕೂಗಿದ್ದು ಕೇಳಿಸಿತು.

"ಯಾಕಮ್ಮ, ಅಲ್ಲಿನೋರು ಕೇಳ್ತಾ ಇದಾರಾ?"

"ಹೂಂ. ನಾಳೆ ಕೇಳ್ತಾರೆ."

"ಹಂಗಾದ್ರೆ ಹದಿನಾರಾಣೆ ಅಂತ ಬರ್ಕೊಳ್ಳಿ. ಪೂರ್ತಿ ವಾಸಿ. ನಮ್ಮೋರ್ಗೆಲ್ಲ ನಾನ್ ಹೇಳ್ತೀನಿ, ಯಾರ್ ಫೋನ್ ಮಾಡಿದ್ರೂ ಹಂಗೇ ಅಂತಾರೆ. ಅಷ್ಟ್ ದೂರ ಹೋಗಿದೀರ, ಅವ್ರ ಮುಂದೆ ನೀವ್ ತಲೆ ತಗ್ಗಿಸ್ಬಾರ್ದು."

ನನಗೂ ಭುಜ ಹಿಡಿದುಕೊಂಡಿದೆ ಎಂದೆ.

"ಅಯ್ಯೋ ದೇವುಡಾ. ಬಿಸಿನೀರ್ ಹಾಕ್ಕೊಳ್ಳಿ. ಅಲ್ಲಿ ಲೈಟ್ ಇಡೋರು ಯಾರೂ ಇಲ್ವಾ?" ಎಂದರು. ನಗಿಸಲು ಹೇಳಿದ್ದಲ್ಲ. ಅವರ ಚಿಂತೆ ನಿಜವಾದದ್ದೇ.

ಫೋನಿಟ್ಟ ಮೇಲೆ ಮಾರೈಕೆ, "ಯಾರು?" ಎಂದಳು.

"ನನ್ನ ರೋಗಿ."

"ಹುಷಾರಾಗಿದ್ದಾಳಾ?"

"ಇಲ್ಲ" ಎಂದೆ. ಈ ಸಲ ಆ ಮಾತು ಬಾಯಿಂದ ಸರಿಯಾಗಿ ಬಂತು. ಮಾರೈಕೆ ಕಾಫಿ ಬಗ್ಗಿಸಿಕೊಟ್ಟು ತನ್ನ ಪಾಡಿಗೆ ಪೇಪರು ಓದುತ್ತಾ ಕೂತಳು. ಸಮಾಧಾನ ಮಾಡಲು ಬರಲಿಲ್ಲ. ಬಂದಿದ್ದರೆ ಅತ್ತುಬಿಡುತ್ತಿದ್ದೆ.

ಶುಕ್ರವಾರ, ಪೋಸ್ಟರಿನ ಮುಂದೆ

ಧೈರ್ಯ ಮಾಡಿ ಎಲ್ಲ ಹೇಳಿಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ. ಆಗಿದ್ದು ಹಾಗಲ್ಲ.

ಉದ್ದನೆಯ ಸಭಾಂಗಣ, ಸಾಲಾಗಿ ಹಲಗೆಗಳು, ಒಂದೊಂದರ ಮುಂದೆ ಒಬ್ಬೊಬ್ಬರು. ಆವಕಾಯಿ ಕಲೆ ಒಳಗೆ ಹೋಗುವಂತೆ ಸೆರಗಿಗೆ ನೆರಿಗೆ ಹಿಡಿದು ಸೀರೆ ಉಟ್ಟಿದ್ದೆ. ಸೆರಗು ಹೊದೆಯಲು ಕೈ ಬಾರದೆ ಪಿನ್ನು ಹಾಕಿಕೊಟ್ಟವಳು ಮಾರೈಕೆ. ಮೊದಲು ಬಂದವರು ಇಬ್ಬರು. ಕಂಠಪಾಠ ಮಾಡಿದ್ದನ್ನು ಒಪ್ಪಿಸಿದೆ. ಹದಿನಾರಾಣೆಯ ಅಳತೆ ಬಹಳ ಸ್ವಾರಸ್ಯವಾಗಿದೆ ಎಂದು ಫೋಟೋ ತೆಗೆದುಕೊಂಡರು. ಮೂರನೆಯವರಿಗೂ ಅದನ್ನೇ ಹೇಳಿದೆ. ಆಮೇಲೆ ಮುಖ್ಯಸ್ಥರು ಬಂದರು. ಮೇಲಿನಿಂದ ಕೆಳಗೆ ಓದಿದರು. "ಚೆನ್ನಾಗಿದೆ. ಹಾಗಾದರೆ ಆ ನಾಲ್ಕು ಊರುಗಳಲ್ಲಿ ಶುರುಮಾಡೋಣ" ಎಂದು ಕೈ ಚಾಚಿದರು.

ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ಮಾಲೂರಿನ ಹೆಂಚಿನ ಗೂಡುಗಳಲ್ಲಿ ನಾನು ಮುಖ ನೋಡಿ ಬಲ್ಲ ಹೆಂಗಸರೆಲ್ಲ ಒಟ್ಟಿಗೆ ಹನ್ನೆರಡಾಣೆ, ಹನ್ನೆರಡಾಣೆ ಎನ್ನುತ್ತಿರುವಂತೆ ಅನ್ನಿಸಿತು. ನಾನು ಕೈ ಕೊಡಲಿಲ್ಲ.

"ಬೇಡ. ಈ ಅಂಕಿಗಳನ್ನು ನಂಬಬೇಡಿ" ಎಂದೆ. "ಬೇರೆಯವರು ಕೇಳಿದ್ದು ಎಂದು ಬರೆದಿದ್ದೇನೆ. ಕೇಳಿದ್ದು ನಾನೇ. ಅವರು ನನ್ನ ಮುಖ ನೋಡಿ ಹೇಳಿದ್ದಾರೆ."

ಚಾಚಿದ ಕೈ ಕೆಳಗಿಳಿಯಿತು. "ಸೋಮವಾರ ಯಾಕೆ ಹೇಳಲಿಲ್ಲ?"

"ಸೋಮವಾರ ಗೊತ್ತಿರಲಿಲ್ಲ" ಎಂದೆ. ಹೇಳಿ ಮುಗಿಸುವಷ್ಟರಲ್ಲಿ ತಿದ್ದಿಕೊಂಡೆ. "ಗೊತ್ತಿತ್ತು."

ಅವರು ಪೋಸ್ಟರನ್ನು ಮತ್ತೊಮ್ಮೆ ನೋಡಿದರು. ಪಕ್ಕದ ಹಲಗೆಯವರು ಮಾತು ನಿಲ್ಲಿಸಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. "ಇದು ಕೆಟ್ಟ ಕೆಲಸ" ಎಂದರು. "ಬೆಳಕಿನಿಂದ ಉಪಯೋಗ ಇದೆಯೋ ಇಲ್ಲವೋ ಈಗ ಇಬ್ಬರಿಗೂ ಗೊತ್ತಿಲ್ಲ. ಹೋಗಿ ಮತ್ತೆ ಕೇಳಿ. ಈ ಸಲ ನೀವು ಕೇಳಬೇಡಿ" ಎಂದು ಹೇಳಿ ಮುಂದಿನ ಹಲಗೆಗೆ ಹೋದರು. ನಾನು ಒಂದೇ ಕೈಯಲ್ಲಿ ಪಿನ್ನು ಕಿತ್ತು ಪೋಸ್ಟರು ಇಳಿಸಿದೆ. ಬಹಳ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಬರಲಿಲ್ಲ, ನಾನೂ ಕೇಳಲಿಲ್ಲ.

ಸುಗಟೂರು, ಹಾಲಿನ ಡೈರಿ

ಬಂದ ಮರುವಾರ ಕಾಲೇಜಿನಲ್ಲಿ ಹೇಳಬೇಕಾದವರಿಗೆ ಹೇಳಿ, ವರದಿ ವಾಪಸ್ಸು ತೆಗೆದುಕೊಂಡೆ. ಅಲ್ಲಿ ಕೇಳಿದ ಮಾತುಗಳನ್ನು ಬರೆಯುವುದಿಲ್ಲ, ಅವು ನನಗೆ ಸಲ್ಲಬೇಕಾದವೇ. ಇನ್ನು ಮತ್ತೆ ಕೇಳುವವರನ್ನು ಹುಡುಕಬೇಕಿತ್ತು. ತೆಲುಗು ಬರಬೇಕು, ಹೆಂಗಸಾಗಿರಬೇಕು, ಅವಳ ಮುಂದೆ ಯಾರಿಗೂ ದಾಕ್ಷಿಣ್ಯ ಇರಬಾರದು. ಸುಗಟೂರಿನ ಡೈರಿಯಲ್ಲಿ ಹಾಲು ಅಳೆಯುವ ಮಂಜುಳ ನೆನಪಾದಳು. ಅವಳು ಸ್ವಂತ ಅತ್ತೆಯ ಹಾಲಿಗೂ ಗಾಜಿನ ಕಡ್ಡಿ ಬಿಟ್ಟು ನೋಡಿ, ನೀರಿದ್ದರೆ ನೀರಿದೆ ಎನ್ನುವವಳು.

ಕೇಳುವುದು ಹೇಗೆ ಎಂದು ಹೇಳಿಕೊಟ್ಟು, ಪಟ್ಟಿ ಕೊಟ್ಟು ಬರೋಣವೆಂದು ಒಂದು ಸಾಯಂಕಾಲ ಡೈರಿಗೆ ಹೋದೆ. ಮಾತು ಮುಗಿಯುವ ಮೊದಲೇ ಹಾಲಿನವರು ಬರಲು ಶುರುವಾದರು.

"ನೀವ್ ಮುಂದೆ ನಿಂತ್ರೆ ಮತ್ತೆ ಅದೇ ಕಥೆ. ಒಳಗ್ ಕೂತ್ಕೊಳ್ಳಿ ಮೇಡಂ" ಎಂದು ಮಂಜುಳ ನನ್ನನ್ನು ಖಾಲಿ ಕ್ಯಾನುಗಳಿಟ್ಟಿದ್ದ ಕೋಣೆಗೆ ಕಳಿಸಿದಳು. ಕದ್ದು ಕೇಳಬೇಕೆಂದು ಹೋದವಳಲ್ಲ. ಆದರೆ ನಾರಾಯಣಮ್ಮನ ದನಿ ಕೇಳಿದ ಮೇಲೆ ಕಿವಿ ಮುಚ್ಚಿಕೊಳ್ಳಲಿಲ್ಲ.

"ಅಕ್ಕ, ಭುಜ ಎಷ್ಟಾಣೆ ವಾಸಿ?" ಮಂಜುಳ ಕೇಳಿದಳು.

"ಎಲ್ಲಿ ವಾಸಿನೇ? ಕ್ಯಾನ್ ಎಡಗೈಲಿ ತಂದಿದ್ದು ಕಾಣ್ಸಲ್ವಾ?"

"ಮತ್ತೆ ಕಾಲೇಜ್ ಮೇಡಂಗೆ ಹನ್ನೆರಡಾಣೆ ಅಂದಿದೀಯ."

"ಆಯಮ್ಮ ಕೇಳೋವಾಗ ಮುಖ ನೋಡಿದೀಯಾ ನೀನು? ನಾವ್ ಬಾಯಿ ಬಿಡೋಕ್ ಮುಂಚೆನೇ ನಗ್ತಾ ಇರ್ತಾರೆ. ಹೆಂಗ್ ಇಲ್ಲ ಅನ್ನೋದು?" ಹಾಲು ಸುರಿಯುವ ಸದ್ದು. "ಕಡೇ ದಿನ ಪಕ್ಕದೋಳು ನನ್ ತಲೆ ಕಟ್ತಾ ಇದ್ಲು. ಅದ್ನ ಕಣ್ಣಾರೆ ನೋಡಿದ್ರು ಕಣೇ. ನೋಡಿ, ಬ್ಯಾಗ್‌ನಾಗ್ ಏನೋ ಹುಡ್ಕೋಕ್ ಶುರು ಮಾಡಿದ್ರು. ಸರಿ, ಈಯಮ್ಮಂಗೆ ಬೇಕಿರೋದು ನನ್ ಭುಜ ಅಲ್ಲ, ನನ್ ಮಾತು ಅನ್ಕೊಂಡೆ. ಕೊಟ್ಟೆ."

ಮಂಜುಳ ಗಾಜಿನ ಕಡ್ಡಿ ತೊಳೆದಿಟ್ಟ ಸದ್ದು ಕೇಳಿಸಿತು.

"ನೀನ್ ಹೋಗಿ ಹೇಳ್ಬೇಡ ಮತ್ತೆ. ಪಾಪ, ನೊಂದ್ಕೋತಾರೆ."

ಒಳಗೇ ಕೂತಿರಬಹುದಿತ್ತು. ಅವರು ಹೋದ ಮೇಲೆ ಹಿಂದಿನಿಂದ ಹೋಗಬಹುದಿತ್ತು. ಎದ್ದು ಹೊರಗೆ ಬಂದು ಎದುರಿಗೆ ನಿಂತೆ. ನಾರಾಯಣಮ್ಮ ಖಾಲಿ ಕ್ಯಾನನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಲು ನೋಡಿ, ಆಗದೆ, ಎಡಗೈಯಲ್ಲೇ ಹಿಡಿದುಕೊಂಡರು. ಮೊದಲು ಮಾತಾಡಿದ್ದು ಅವರೇ.

"ಯಾವಾಗ್ ಬಂದ್ರಮ್ಮ ಊರಿಂದ? ನಿಮ್ ಭುಜ ಹೆಂಗಿದೆ? ವಾಸಿ ಆಯ್ತಾ?"

ಪರವಾಗಿಲ್ಲ ಎಂಬ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಇಲ್ಲ ನಾರಾಯಣಮ್ಮ. ನೋವಿದೆ. ಕೈ ಮೇಲಕ್ಕೇ ಬರಲ್ಲ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಾನು ನಗಲಿಲ್ಲ. ಕ್ಯಾನು ಕೆಳಗಿಟ್ಟರು.

"ನಂದೂ ಅಷ್ಟೇ ಅಮ್ಮ" ಎಂದರು.